ಹೊಸ್ತಿಲಲ್ಲಿ ಆಡಿದ ಮಾತು

ನಮ್ಮೂರಿನಲ್ಲಿ ಮಗುವನ್ನು ಶಾಲೆಗೆ ಹಾಕುವ ದಿನ ಅದನ್ನು ಶಾಲೆಯ ಹೊಸ್ತಿಲ ಮೇಲೆ ನಿಲ್ಲಿಸುತ್ತಾರೆ. ತಾಯಿತಂದೆ ಹೊರಗೆ ನಿಂತು, ಅದು ಓದಿ ಏನಾಗಬೇಕು ಅನ್ನುವುದನ್ನು ಒಂದೇ ಮಾತಿನಲ್ಲಿ ಬಾಯಿಬಿಟ್ಟು ಹೇಳಬೇಕು. ಹೇಳಿದ ಕೂಡಲೇ ಒಳಗೆ ಗಂಟೆ ಹೊಡೆಯುತ್ತಾರೆ. ಗಂಟೆ ಹೊಡೆದ ಮೇಲೆ ಆ ಮಾತು ಮಗುವಿಗೆ ಹತ್ತಿತು ಅಂತ ತಿಳಿಯಬೇಕು. ತಿದ್ದಲಿಕ್ಕೆ ಬರುವುದಿಲ್ಲ, ಹಿಂದಕ್ಕೆ ತಗೊಳ್ಳಲಿಕ್ಕೂ ಬರುವುದಿಲ್ಲ. ಹೇಳಿದ್ದು ಆಗಿಯೇ ಆಗುತ್ತದೆ.

ನನ್ನನ್ನು ಶಾಲೆಗೆ ಹಾಕಿದಾಗ ನನ್ನಪ್ಪ, "ನನ್ನ ಮಗ ಯಮನಪ್ಪಗ ತೂಕದಾಗ ಯಾರೂ ಮೋಸ ಮಾಡಬಾರದು" ಅಂದನಂತೆ. ನಮ್ಮದು ಚುರುಮುರಿ ಭಟ್ಟಿ. ಕಾದ ಉಸುಕಿನಲ್ಲಿ ಅಕ್ಕಿ ಹುರಿದು, ಜರಡಿ ಹಿಡಿದು, ಚೀಲ ತುಂಬಿ ಸುತ್ತಲಿನ ಸಂತೆಗಳಿಗೆ ಒಯ್ದು ಮಾರುವ ಮನೆತನ. ಹಗುರ ಸರಕು ಮಾರುವವನಿಗೆ ತೂಕದ್ದೇ ಚಿಂತೆ. ಹಾಗಾಗಿ ಅಪ್ಪ ಅದನ್ನೇ ಕೇಳಿದ. ಈಗಲೂ ಏನನ್ನಾದರೂ ನನ್ನ ಅಂಗೈ ಮೇಲೆ ಇಟ್ಟರೆ ಅದರ ತೂಕ ಹೇಳುತ್ತೇನೆ. ತೂಕ ಬಿಟ್ಟು ಉಳಿದ ಎಲ್ಲದರಲ್ಲೂ ಮಂದಿ ನನಗೆ ಮೋಸ ಮಾಡಿದ್ದಾರೆ. ಅದಕ್ಕೆ ಅಪ್ಪ ಏನು ಮಾಡಿಯಾನು? ಅವನು ಕೇಳಿದ್ದೇ ಅಷ್ಟು.

ಹಿಂದಿನವರೆಲ್ಲ ಹೀಗೇ ಸಣ್ಣ ಸಣ್ಣದು ಕೇಳುತ್ತಿದ್ದರು. ಬಸ್ಸಿನ ಬೋರ್ಡು ಓದಲಿಕ್ಕೆ ಬರಲಿ, ಮಾವನ ಮನೆಗೆ ಹೋದರೆ ಕಾಗದ ಬರೆಯಲಿ, ಕಚೇರಿಯಲ್ಲಿ ಹೆದರದೆ ಮಾತಾಡಲಿ, ಇಂಥವು. ಆಮೇಲೆ ಊರಿಗೆ ಡಾಂಬರು ರಸ್ತೆ ಬಂತು, ಟವರ್ ಬಂತು, ಎಲ್ಲರ ಕೈಯಲ್ಲೂ ಫೋನು ಬಂತು. ಜೊತೆಗೇ ಜಗತ್ತು ಅನ್ನುವ ಮಾತೂ ಬಂತು. ಭಟ್ಟಿಯ ಮುಂದೆ ಚುರುಮುರಿಗೆ ಕಾಯುತ್ತ ಕೂತ ಹೆಂಗಸರು ಕೂಡ ಜಗತ್ತು ಹೀಗಾಗಿದೆ, ಜಗತ್ತಿಗೆ ಇಂಥದ್ದು ಬೇಕಂತೆ ಅಂತ ಮಾತಾಡತೊಡಗಿದರು. ಹೊಸ್ತಿಲಲ್ಲಿ ಆಡುವ ಮಾತೂ ದೊಡ್ಡದಾಗುತ್ತ ಹೋಯಿತು.

ಕಂಬಾರ ಮೌನೇಶ ತನ್ನ ಮಗನಿಗೆ, "ಎಲ್ಲಾರಕಿಂತ ಮುಂದ ಇರಲಿ" ಅಂದ. ಹುಡುಗ ಪ್ರತಿ ತರಗತಿಯಲ್ಲೂ ಮೊದಲಿಗನಾಗಿ ಬಂದ. ಆದರೆ ಯಾರ ಜೋಡಿಯೂ ಸಮನಾಗಿ ನಡೆಯಲಿಕ್ಕೆ ಅವನಿಗೆ ಆಗುತ್ತಿರಲಿಲ್ಲ. ಗೆಳೆಯರ ಜೊತೆ ಹೊರಟರೂ ನಾಲ್ಕು ಹೆಜ್ಜೆ ಮುಂದೆಯೇ ಇರುತ್ತಿದ್ದ, ಮಾತಾಡಬೇಕಾದರೆ ಹಿಂದಕ್ಕೆ ಕತ್ತು ತಿರುಗಿಸಬೇಕಿತ್ತು. ಮೌನೇಶ ತೀರಿಕೊಂಡಾಗ ಹೆಣಕ್ಕೆ ಹೆಗಲು ಕೊಡಲಿಕ್ಕೆ ಬಂದ ಆ ಹುಡುಗ ಹೊತ್ತವರ ಸಾಲಿನಲ್ಲಿ ನಿಲ್ಲಲಾಗದೆ, ಅಳುತ್ತ ಅಳುತ್ತ, ಎಲ್ಲರಿಗಿಂತ ಮೊದಲೇ ಸುಡುಗಾಡು ಮುಟ್ಟಿ ಅಲ್ಲಿ ಒಬ್ಬನೇ ನಿಂತಿದ್ದ. ಊರವರು ಅದಕ್ಕೂ ಹೊಂದಿಕೊಂಡರು. ಅವನು ಬರುತ್ತಾನೆ ಅಂದರೆ ದಾರಿ ಬಿಟ್ಟು ನಿಲ್ಲುತ್ತಾರೆ.

ಇಂಥವನ್ನೆಲ್ಲ ನೋಡಿದ್ದರಿಂದ ನಾನೂ ನನ್ನ ಹೆಂಡತಿ ಕಾಶವ್ವನೂ ನಮ್ಮ ಮಗಳು ನಿಂಬೆವ್ವನ ವಿಷಯದಲ್ಲಿ ಅವಸರ ಮಾಡಬಾರದು ಅಂದುಕೊಂಡಿದ್ದೆವು. ಇರುವುದು ಒಂದೇ ಮಗು. ಭಟ್ಟಿಯ ಮುಂದೆ ಕೂತು ತಿಂಗಳುಗಟ್ಟಲೆ ಅದನ್ನೇ ಮಾತಾಡಿದೆವು. ಕಾಶವ್ವ ಒಲೆಗೆ ಹೊಟ್ಟು ಹಾಕುತ್ತಿದ್ದಳು, ನಾನು ಉಸುಕು ತಿರುವುತ್ತಿದ್ದೆ.

"ಡಾಕ್ಟರ್ ಆಗಲಿ ಅನ್ನೋಣೇನು?" ಅಂತ ನಾನು ಕೇಳಿದೆ.

"ಡಾಕ್ಟರ್ ಆಗಿ ರೋಗಿನs ಬರದಿದ್ರ? ಬರೇ ಡಾಕ್ಟರ್ ಆಗು ಅಂದ್ರ ಬರೇ ಡಾಕ್ಟರ್ ಅಕ್ಕಾಳ."

"ಇಂಗ್ಲಿಷ್ ಚಲೋ ಬರಲಿ ಅನ್ನೋಣು."

"ನಾಳೆ ಚೀನಾ ಮಾತು ಬೇಕಂದ್ರ? ಆವಾಗ ಏನ್ ಮಾಡ್ತಿ?"

"ಹಂಗಾರ ನೀನs ಹೇಳು, ಮಹಾರಾಣಿ."

ಅವಳು ನಗಲಿಲ್ಲ. ಹೊಟ್ಟಿನ ಬುಟ್ಟಿ ಕೆಳಗಿಟ್ಟು, "ಆಕಿ ಯಾವ ಊರಿಗೆ ಹ್ವಾದ್ರೂ ಆಕಿನ್ನ ಹೊರಗಿನಾಕಿ ಅನಬಾರದು. ಅಷ್ಟs ನನಗ ಬೇಕಾದ್ದು" ಅಂದಳು.

ಕಾಶವ್ವ ಹೊಳೆಯಾಚೆಯ ಊರಿನವಳು. ನಮ್ಮೂರಿಗೆ ಬಂದು ಅಷ್ಟು ವರ್ಷವಾದರೂ ನಳದ ಹತ್ತಿರ ಅವಳ ಕೊಡ ಕೊನೆಗೇ ಇರುತ್ತಿತ್ತು. ಸಾರಿಗೆ ಒಗ್ಗರಣೆ ಹಾಕುವ ರೀತಿ ಬೇರೆ, ಸೆರಗು ಹೊದೆಯುವ ರೀತಿ ಬೇರೆ. ಏನು ಮಾಡಿದರೂ, "ನಿಮ್ಮ ಕಡೆ ಹಿಂಗs ಮಾಡ್ತಾರೇನು?" ಅನ್ನುವರು. ನಿಂಬೆವ್ವ ಹುಟ್ಟಿದ ದಿನ ಸೂಲಗಿತ್ತಿ ಹೊರಗೆ ಬಂದು, "ಹೊರಗಿನಾಕಿ ಆದ್ರೂ ಗಟ್ಟಿ ಅದಾಳ" ಅಂದಳು. ಹೊಗಳಿದ್ದೇ ಅದು. ಒಳಗೆ ಮಲಗಿದ್ದ ಕಾಶವ್ವನಿಗೆ ಅದು ಕೇಳಿಸಿತ್ತು ಅನ್ನುವುದು ನನಗೆ ಅವತ್ತು ಭಟ್ಟಿಯ ಮುಂದೆ ಗೊತ್ತಾಯಿತು.

ನಮ್ಮ ಶಾಲೆಯ ಹಿರಿಯ ಶಿಕ್ಷಕಿ ವಿಮಲಕ್ಕೋರನ್ನು ಕೇಳಿದೆವು. ಅವರು ಕುರ್ಚಿಯಿಂದ ಎದ್ದೇಬಿಟ್ಟರು. "ಎಲ್ಲಾರೂ ನೌಕರಿ ಕೇಳ್ತಾರ, ಪಗಾರ ಕೇಳ್ತಾರ. ನೀವು ನೋಡ್ರಿ, ಜಗತ್ತನ್ನs ಕೇಳಾಕತ್ತೀರಿ. ಈಗಿನ ಕಾಲದ ಮಗುವಿಗೆ ಇದಕಿಂತ ದೊಡ್ಡ ಗುರಿ ಯಾವುದೈತಿ?" ಅಂದರು. ನಮಗೂ ಹಾಗೇ ಅನ್ನಿಸಿತು. ಮೌನೇಶನ ಹಾಗೆ ನಾವು ಯಾರನ್ನೂ ಹಿಂದಕ್ಕೆ ಹಾಕು ಅಂತ ಕೇಳುತ್ತಿರಲಿಲ್ಲವಲ್ಲ. ಇದರಿಂದ ಯಾರಿಗೆ ಏನು ಕೆಡುಕಾದೀತು?

ಜೂನ್ ತಿಂಗಳ ಒಂದು ಬೆಳಗ್ಗೆ, ಹೊಸ ಲಂಗ ತೊಟ್ಟ ನಿಂಬೆವ್ವನನ್ನು ಹೊಸ್ತಿಲ ಮೇಲೆ ನಿಲ್ಲಿಸಿದೆವು. ನಾನು, "ನನ್ನ ಮಗಳು ಜಗತ್ತಿನಾಗ ಯಾವ ಊರಿಗೆ ಹ್ವಾದ್ರೂ ಆ ಊರಾಕಿನs ಆಗಲಿ, ಎಲ್ಲೂ ಹೊರಗಿನಾಕಿ ಆಗಬಾರದು" ಅಂದೆ. ಗಂಟೆ ಹೊಡೆದರು. ಕಾಶವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಿಂಬೆವ್ವ ಒಳಗೆ ಓಡಿಹೋಗಿ, ಮೊದಲ ಸಾಲಿನಲ್ಲಿ ಕೂತಿದ್ದ ಮಕ್ಕಳನ್ನು ಸರಿಸಿ, ತನ್ನದೇ ಜಾಗ ಅನ್ನುವ ಹಾಗೆ ಕೂತಳು.

ಮುಂದಿನ ಎರಡು ಮೂರು ವರ್ಷ ನಮ್ಮಷ್ಟು ಬೀಗಿದವರು ಊರಲ್ಲಿ ಯಾರೂ ಇರಲಿಕ್ಕಿಲ್ಲ. ರಜೆ ಇದ್ದಾಗ ಅವಳನ್ನು ಸಂತೆಗೆ ಕರೆದುಕೊಂಡು ಹೋಗುತ್ತಿದ್ದೆ. ಬೆಟ್ಟದ ಬುಡದ ಸಂತೆಯಲ್ಲಿ ಜೇನು ಮಾರಲಿಕ್ಕೆ ಬರುವ ಜನರ ಮಾತು ನಮಗೆ ಒಂದಕ್ಷರ ತಿಳಿಯದು. ನಿಂಬೆವ್ವ ಅವರ ಹತ್ತಿರ ಹೋಗಿ ಕೂತು, ಅವರು ಕೊಟ್ಟ ಗೆಣಸು ತಿಂದು, ಸ್ವಲ್ಪ ಹೊತ್ತಿನಲ್ಲೇ ಅವರ ಮಾತಿನಲ್ಲಿ ಅವರಿಗೇ ಚೇಷ್ಟೆ ಮಾಡತೊಡಗಿದಳು. ಕೆರೆಯ ಹಕ್ಕಿ ನೋಡಲಿಕ್ಕೆ ಯಾವುದೋ ದೂರದೇಶದವರು ನಮ್ಮ ತಾಲ್ಲೂಕಿಗೆ ಬಂದು ಡೇರೆ ಹಾಕಿದ್ದರು. ವಿಮಲಕ್ಕೋರು ಮಕ್ಕಳನ್ನು ಅಲ್ಲಿಗೆ ಕರೆದೊಯ್ದರು. ಉಳಿದ ಮಕ್ಕಳು ದೂರದಲ್ಲಿ ಒತ್ತೊತ್ತಿ ನಿಂತಿದ್ದರೆ, ನಮ್ಮವಳು ಅವರ ಬಟ್ಟಲಿನಲ್ಲಿ ಚಾ ಕುಡಿದು, ಅವರ ಹಾಗೇ ಹೆಗಲು ಕುಣಿಸಿ ನಕ್ಕಳಂತೆ. ಅಕ್ಕೋರು ಅದನ್ನು ಹೇಳಲಿಕ್ಕೆಂದೇ ಮನೆಗೆ ಬಂದರು. "ಯಮನಪ್ಪಾ, ನಿನ್ನ ಮಗಳ ಓದು ಈ ಊರಿಗೆ ಹಿಡಿಸೋದಲ್ಲ" ಅಂದರು.

ಒಂದು ಸಂಗತಿಯನ್ನು ಮಾತ್ರ ನಾನು ನೋಡಿಯೂ ನೋಡದವನ ಹಾಗೆ ಇದ್ದುಬಿಟ್ಟೆ. ಜೇನಿನವರ ಸಂತೆಯಿಂದ ಹೊರಡುವಾಗ ನಾನು ಬಂಡಿ ಹೂಡಿ, "ನಡಿ ಮಗಾ" ಅಂದೆ. ಅವಳು ನನ್ನ ಖಾಲಿ ಚೀಲಗಳನ್ನು ಮಡಿಸಿ ಎತ್ತಿಕೊಂಡು ಬಂಡಿಯ ಜೊತೆ ನಡೆದು ಬಂದಳು. ಆ ಸಂತೆಯೂರಿನ ಸೀಮೆಯ ಕಲ್ಲಿನ ಹತ್ತಿರ ಚೀಲ ನನ್ನ ಕೈಗೆ ಕೊಟ್ಟು, "ಹೋಗಿ ಬರ್ರಿ. ಮುಂದಿನ ಸಂತಿಗೆ ಬರ್ರಿ ಮತ್ತ" ಅಂದಳು. ಆಟ ಆಡುತ್ತಿದ್ದಾಳೆ ಅಂದುಕೊಂಡು ನಾನು ನಕ್ಕೆ, ರಟ್ಟೆ ಹಿಡಿದು ಎತ್ತಿ ಬಂಡಿಯಲ್ಲಿ ಕೂರಿಸಿದೆ. ಅವಳ ಮೈ ಒಂದು ಕ್ಷಣ ಸೆಟೆಯಿತು. ಬಂಡಿ ಕಲ್ಲು ದಾಟಿತು. "ಅಪ್ಪಾ, ಅವ್ವಗ ಏನೂ ತಗೊಳ್ಳಲಿಲ್ಲಲ್ಲೋ!" ಅಂದಳು. ಎಲ್ಲ ಮೊದಲಿನ ಹಾಗೇ ಇತ್ತು.

ನಿಂಬೆವ್ವನಿಗೆ ಒಂಬತ್ತು ತುಂಬಿದಾಗ ವಿಮಲಕ್ಕೋರು ಕಡಲ ದಂಡೆಯ ಮೇಲಿನ ಒಂದು ದೊಡ್ಡ ಶಾಲೆಯ ಸುದ್ದಿ ತಂದರು. ಎಲ್ಲ ದೇಶಗಳ ಮಕ್ಕಳೂ ಒಟ್ಟಿಗೆ ಇದ್ದು ಓದುವ ಶಾಲೆಯಂತೆ. ಅಲ್ಲಿ ಓದಿದವರಿಗೆ ಜಗತ್ತಿನ ಯಾವ ಬಾಗಿಲೂ ಮುಚ್ಚುವುದಿಲ್ಲವಂತೆ. ಪರೀಕ್ಷೆ ದೊಡ್ಡ ಪಟ್ಟಣದಲ್ಲಿ. ಗೆದ್ದರೆ ಎಲ್ಲ ಖರ್ಚೂ ಅವರದೇ.

ಬಸ್ಸಿನಲ್ಲಿ ಕರೆದುಕೊಂಡು ಹೋದೆ. ತಾಯಿತಂದೆಯರನ್ನು ಗೇಟಿನ ಹೊರಗೇ ನಿಲ್ಲಿಸಿದರು. ಮಧ್ಯದಲ್ಲಿ ಮಕ್ಕಳಿಗೆ ಹಾಲು ಬಿಸ್ಕೀಟು ಕೊಟ್ಟು ಅಂಗಳದಲ್ಲಿ ಆಡಲಿಕ್ಕೆ ಬಿಟ್ಟರು. ಉಳಿದ ಮಕ್ಕಳೆಲ್ಲ ಗೇಟಿಗೆ ಬಂದು ಅಪ್ಪ ಅವ್ವನ ಕೈ ಹಿಡಿದುಕೊಂಡರು. ನಮ್ಮವಳು ಬರಲಿಲ್ಲ. ನಾನು ಕೈ ಎತ್ತಿದೆ. ಅವಳು ನನ್ನನ್ನು ನೋಡಿದಳು, ಪಕ್ಕದಲ್ಲಿದ್ದ ಕಾವಲುಗಾರನನ್ನೂ ನೋಡಿದಳು. ಎರಡೂ ನೋಟ ಒಂದೇ ಥರ ಇದ್ದವು. ಓದಿನ ಮೇಲೆ ಮನಸ್ಸು ಇಟ್ಟಿದ್ದಾಳೆ ಅಂತ ನನಗೆ ನಾನೇ ಹೇಳಿಕೊಂಡೆ. ಮಧ್ಯಾಹ್ನ ಪರೀಕ್ಷೆ ನಡೆಸಿದ ಶಿಕ್ಷಕಿಯೊಬ್ಬರು ಅವಳನ್ನು ಗೇಟಿನವರೆಗೆ ಕರೆತಂದು, "ಇಲ್ಲೇ ಹುಟ್ಟಿ ಬೆಳೆದ ಹುಡುಗಿ ಥರ ಇದ್ದಾಳೆ ಕಣ್ರೀ. ಬರುವ ತಿಂಗಳು ದಂಡೆಯ ಶಾಲೆಗೆ ಕರೆದುಕೊಂಡು ಬಂದುಬಿಡಿ" ಅಂದರು. ಗೇಟು ದಾಟಿದ್ದೇ ತಡ, ನಿಂಬೆವ್ವ ನನ್ನ ಅಂಗಿಯ ತುದಿ ಹಿಡಿದು, "ಅಪ್ಪಾ, ಮಿರ್ಚಿ ಭಜಿ ಕೊಡಸು" ಅಂದಳು.

ಊರಿಗೆ ಬರುವ ದಾರಿಯಲ್ಲಿ ಒಂದು ಕಾಲುವೆ. ಕಾಲುವೆಯ ಈಚೆ ಬಸ್ ನಿಲ್ಲುವ ಜಾಗ, ಒಂದು ಚಾದಂಗಡಿ, ಒಂದು ಬೇವಿನ ಮರ. ಸೇತುವೆ ದಾಟಿದರೆ ಆಚೆ ನಮಗೆ ಗುರುತಿಲ್ಲದ ಒಂದು ಊರು. ಚಾ ಕುಡಿಯಲಿಕ್ಕೆ ಬಸ್ ನಿಲ್ಲಿಸಿದರು. ನಿಂಬೆವ್ವನಿಗೆ ಬಾಯಾರಿಕೆ, ನಮ್ಮ ಬಾಟಲಿ ಬರಿದಾಗಿತ್ತು. ಸೇತುವೆಯಾಚೆ ಮೊದಲ ಮನೆಯ ಮುಂದೆ ಒಬ್ಬ ಹೆಂಗಸು ಬೋರಿಂಗಿನಲ್ಲಿ ನೀರು ಹೊಡೆಯುತ್ತಿದ್ದಳು. "ಹೋಗಿ ಕುಡದು ಬಾ" ಅಂದೆ. ಹೊಸ ಊರು, ಹೊಸ ಜನ ಅಂತ ಹೆದರುವ ಹುಡುಗಿಯಲ್ಲ ನಮ್ಮದು. ಓಡಿದಳು. ಬೊಗಸೆ ಒಡ್ಡಿ ನೀರು ಕುಡಿಯುವುದು ನಾನು ನಿಂತಲ್ಲಿಂದಲೇ ಕಂಡಿತು. ನಾನು ಚಾಕ್ಕೆ ತಿರುಗಿದೆ.

ಡ್ರೈವರು ಹಾರ್ನ್ ಹೊಡೆದ. ಅವಳು ಬರಲಿಲ್ಲ. ಸೇತುವೆ ದಾಟಿ ಹೋದೆ. ಬೋರಿಂಗಿನ ಹತ್ತಿರ ಯಾರೂ ಇರಲಿಲ್ಲ. ಆ ಮನೆಯ ಬಾಗಿಲು ತೆರೆದಿತ್ತು. ಒಳಗೆ ಒಲೆಯ ಮುಂದೆ ನನ್ನ ಮಗಳು ಕೂತು ರೊಟ್ಟಿ ತಿರುವಿಹಾಕುತ್ತಿದ್ದಳು, ಆ ಹೆಂಗಸು ಪಕ್ಕದಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಮಾತಿಲ್ಲದೆ, ದಿನಾ ಮಾಡುವವರ ಹಾಗೆ.

"ನಿಂಬೀ, ಬಸ್ ಹೊಂಟೈತಿ, ಏಳು."

ಅವಳು ತಲೆ ಎತ್ತಿದಳು. ಮರ್ಯಾದೆಯಿಂದ ಎದ್ದು ನಿಂತಳು. ತಂಬಿಗೆಯಲ್ಲಿ ನೀರು ತಂದು ನನ್ನ ಮುಂದೆ ಇಟ್ಟು, "ಕುಂದರ್ರಿ. ಯಾವೂರ್ರಿ ನಿಮ್ದು?" ಅಂದಳು.

ಹುಡುಗಾಟ ಅಂದುಕೊಳ್ಳಲಿಕ್ಕೆ ಅವಳ ಮುಖದಲ್ಲಿ ನಗು ಇರಲಿಲ್ಲ. ದಾರಿಹೋಕನಿಗೆ ತೋರಿಸುವ ಪ್ರೀತಿ ಇತ್ತು, ಅಷ್ಟೇ.

"ನಾ ನಿನ್ನ ಅಪ್ಪ!" ಅಂತ ಕೂಗಿದೆ.

ಆ ಹೆಂಗಸು ಹಿಟ್ಟಿನ ಕೈಯಲ್ಲೇ ಎದ್ದಳು. "ಯಾರೋ ನೀನು? ನಮ್ಮ ಸಾವಂತ್ರಿಗೆ ಯಾಕ ಹೆದರಸ್ತಿ?" ಅಂದಳು.

"ಆಕಿ ನನ್ನ ಮಗಳು. ಈಗರೆ ನೀರು ಕುಡೀಲಿಕ್ಕೆ ಬಂದಾಳ. ಇನ್ನೂ ನನ್ನ ಚಾ ಮುಗದಿಲ್ಲ."

"ಬಂದಾಳಂದ್ರ ಏನು? ಈಕಿ ಎಲ್ಲಿಂದ ಬರತಾಳ? ನಾ ಹಡದಾಕಿ ನನ್ನ ಮನ್ಯಾಗ ಅದಾಳ." ಹೇಳುವಾಗ ಅವಳ ದನಿಯಲ್ಲಿ ಒಂದಿಷ್ಟೂ ಸುಳ್ಳಿರಲಿಲ್ಲ. ಸುಳ್ಳಿದ್ದಿದ್ದರೆ ನನಗೆ ಅಷ್ಟು ಭಯವಾಗುತ್ತಿರಲಿಲ್ಲ.

ಗಂಡಸರು ಸೇರಿದರು. ಅವಳ ಗಂಡ ಬಂದ, ಓಣಿಯವರು ಬಂದರು. ಒಬ್ಬ ನನ್ನ ಕೊರಳಪಟ್ಟಿ ಹಿಡಿದ. "ಹುಡುಗೀನ್ನ ಒಯ್ಯಾಕ ಬಂದಾನ ನೋಡ್ರಿ, ಹಗಲs!" ಅಂದ. ಇನ್ನೊಬ್ಬ ಸ್ವಲ್ಪ ಸಮಾಧಾನಿ. ಅವನು ಬಗ್ಗಿ, "ಸಾವಂತ್ರೀ, ಇಂವ ಯಾರವ್ವ? ಗೊತ್ತೇನು ನಿನಗ?" ಅಂತ ಕೇಳಿದ.

ನನ್ನ ಮಗಳು ನನ್ನನ್ನು ಬಹಳ ಹೊತ್ತು ನೋಡಿದಳು. ಗುರುತು ಹತ್ತೀತು ಅಂತ ನಾನು ಕಾದೆ. ಅವಳು, "ಪಾಪ, ಹೊಡೀಬ್ಯಾಡ್ರಿ ಕಾಕಾ. ಇವರ ಮಗಳು ಎಲ್ಲೋ ಕಳದಾಳ ಅಂತ ಕಾಣತೈತಿ" ಅಂದಳು.

ಅವಳ ಮಾತಿಗೆ ಬೆಲೆ ಕೊಟ್ಟು ಅವರು ನನ್ನನ್ನು ಹೊಡೆಯಲಿಲ್ಲ. ಸೇತುವೆಯವರೆಗೆ ನೂಕಿಕೊಂಡು ಬಂದು ಬಿಟ್ಟರು.

ಊರಿಗೆ ಹೇಗೆ ಬಂದೆನೋ ತಿಳಿಯದು. ಕಾಶವ್ವ ಬಾಗಿಲಲ್ಲೇ ನಿಂತಿದ್ದಳು. ನನ್ನ ಹಿಂದೆ ಯಾರೂ ಇಲ್ಲದ್ದನ್ನು ನೋಡಿ, "ಅಲ್ಲೇ ಶಾಲಿಗೆ ಇಟಗೊಂಡ್ರೇನು?" ಅಂದಳು. ನಾನು ಎಲ್ಲ ಹೇಳಿದೆ. ಅವಳು ಅಳಲಿಲ್ಲ, ನನ್ನನ್ನು ಬಯ್ಯಲೂ ಇಲ್ಲ. ಕಾಲಿಗೆ ಚಪ್ಪಲಿ ಕೂಡ ಇಲ್ಲದೆ ವಿಮಲಕ್ಕೋರ ಮನೆಗೆ ಓಡಿದಳು. ನಾನು ಹಿಂದೆ ಹೋದೆ.

ಅಕ್ಕೋರು ಕೇಳಿ ಬೆಳ್ಳಗಾದರು. "ನಾವು ಕೇಳಿದ್ದು ಹಿಂಗ ಅಲ್ಲಲ್ರಿ" ಅಂದರು ಎರಡು ಸಲ. ಕಾಶವ್ವ, "ಮಾತು ಹಿಂದಕ್ಕ ತಗೊಳ್ರಿ ಅಕ್ಕೋರs. ಹೊಸ್ತಿಲಿಗೆ ಬರತೀವಿ. ಇನ್ನೊಮ್ಮೆ ಗಂಟಿ ಹೊಡೀರಿ" ಅಂದಳು.

"ಒಮ್ಮೆ ಗಂಟಿ ಹೊಡದಾಗೈತಲ್ಲ ತಂಗೀ."

"ಹಂಗಾರ ಆಕಿ ಕಡಲ ದಂಡಿ ಮ್ಯಾಲಿನ ಶಾಲಿಗೆ ಹ್ವಾದ್ರ?"

ಕಾಶವ್ವನೇ ಉತ್ತರ ಹೇಳಿಕೊಂಡಳು. "ಅಲ್ಲಿಯಾಕಿ ಅಕ್ಕಾಳ. ಅಲ್ಲಿಂದ ಇನ್ನೊಂದು ದೇಶಕ್ಕ ಹ್ವಾದ್ರ ಆ ದೇಶದಾಕಿ. ಎಲ್ಲೂ ಹೊರಗಿನಾಕಿ ಅಲ್ಲ. ನಾವs ಹೊರಗಿನವ್ರು."

ಮನೆಗೆ ಬಂದು ಅವಳು ನನ್ನನ್ನು ಭಟ್ಟಿಯ ಮುಂದೆ ಕೂರಿಸಿದಳು. ಎಲ್ಲೆಲ್ಲಿ ಏನೇನಾಯಿತು, ಒಂದೊಂದಾಗಿ ಹೇಳು ಅಂದಳು. ಜೇನಿನವರ ಸಂತೆ, ಪರೀಕ್ಷೆಯ ಗೇಟು, ಎಲ್ಲ ಹೇಳಿದೆ. "ಆ ಊರಿಂದು ಏನರ ಬಾಯಿಗೆ ಹ್ವಾದ ಮ್ಯಾಲ ಆಗೇತಿ ನೋಡು. ಸೀಮಿನೋ ಗೇಟೋ ದಾಟಿದ ಕೂಡಲೇ ಬಿಟ್ಟೈತಿ" ಅಂದಳು. ಇಷ್ಟು ವರ್ಷ ನಾನು ಕಣ್ಣಾರೆ ಕಂಡೂ ಜೋಡಿಸದೆ ಬಿಟ್ಟದ್ದನ್ನು ಅವಳು ಕೂತಲ್ಲೇ ಜೋಡಿಸಿದಳು. "ನೀ ಮಗಳು ಅಂತ ಹೋಗಿ ಕೇಳಿದಿ. ನಾ ಕೇಳಂಗಿಲ್ಲ."

ಮರುದಿನ ಬೆಳಗ್ಗಿನ ಬಸ್ಸಿಗೆ ಹೋದೆವು. ನನ್ನ ಮುಖ ಆ ಊರಿನವರಿಗೆ ಗೊತ್ತಾಗಿತ್ತು, ಹಾಗಾಗಿ ನಾನು ಕಾಲುವೆಯ ಈಚೆ ಬೇವಿನ ಮರದ ಹಿಂದೆ ಕೂತೆ. ಕಾಶವ್ವ ಚುರುಮುರಿಯ ಗಂಟು ತಲೆಯ ಮೇಲಿಟ್ಟುಕೊಂಡು, ಮಾರಲಿಕ್ಕೆ ಹೊರಟವಳ ಹಾಗೆ ಸೇತುವೆ ದಾಟಿದಳು. ಒಳಗೆ ಏನೇನಾಯಿತು ಅನ್ನುವುದನ್ನು ಅವಳು ಆಮೇಲೆ ಹೇಳಿದ್ದರಿಂದ ನನಗೆ ಗೊತ್ತು.

ಆ ಹೆಂಗಸಿನ ಹೆಸರು ಭಾಗವ್ವ. ಬಿಸಿಲಲ್ಲಿ ಬಂದವಳನ್ನು ನೋಡಿ ಒಳಗೆ ಕರೆದು, ಚಾಪೆ ಹಾಸಿ, ಮಜ್ಜಿಗೆ ಕೊಟ್ಟಳು. "ಯಾವೂರಾಕಿ?" ಅಂತ ಕೇಳಿದಳು. ಕಾಶವ್ವ ತನ್ನ ತವರಿನ ಹೆಸರು ಹೇಳಿದಳು. "ಅಯ್ಯ, ಹೊಳಿಯಾಚೆ! ನಮ್ಮ ದೊಡ್ಡಮ್ಮನ್ನ ಅಲ್ಲೇ ಕೊಟ್ಟಿದ್ರು" ಅಂದಳು ಭಾಗವ್ವ. ಅಷ್ಟು ವರ್ಷಗಳಲ್ಲಿ ತವರಿನ ಹೆಸರು ಕೇಳಿ ಮುಖ ಅರಳಿದ ಮೊದಲ ಹೆಂಗಸು ಅವಳೇ ಅಂತ ಕಾಶವ್ವ ಹೇಳಿದಳು. ಊಟ ಮಾಡಿಕೊಂಡೇ ಹೋಗು ಅಂತ ಕೂರಿಸಿದಳು. ನಿಂಬೆವ್ವ ಬಡಿಸಿದಳು. ತಲೆ ನೀಟಾಗಿ ಹೆಣೆದಿತ್ತು, ಅಲ್ಲಿಯವರ ಥರ ಬೈತಲೆ ಒಂದು ಬದಿಗೆ. "ರೊಟ್ಟಿ ಹಾಕ್ಲೇನ್ರಿ ಚಿಗವ್ವ?" ಅಂದಳು. ಮಗಳ ಬಾಯಲ್ಲಿ ಚಿಕ್ಕಮ್ಮನಾದ ಕಾಶವ್ವ ತುತ್ತು ನುಂಗಿದಳು. ಹೇಗೆ ನುಂಗಿದೆ ಅಂತ ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಭಾಗವ್ವ ಬಾಯಿ ತುಂಬ ಮಗಳನ್ನೇ ಹೊಗಳಿದಳು. "ಶಾಲ್ಯಾಗ ಭಾಳ ಶ್ಯಾಣ್ಯಾಕಿ. ದೊಡ್ಡ ಓದು ಓದಸಬೇಕಂತ ಐತಿ. ಆದ್ರ ದೂರ ಕಳಸಾಕ ಜೀವ ಒಪ್ಪಂಗಿಲ್ಲ ನೋಡವ್ವ." ಕಾಶವ್ವ ಎದ್ದಳು. "ಬಸ್ಸಿನ ಹೊತ್ತಾತು, ಬರತೀನಿ" ಅಂದಳು. ಭಾಗವ್ವ ತಡೆದು ನಿಲ್ಲಿಸಿ, ಕುಂಕುಮ ಹಚ್ಚಿ, ಸೆರಗು ಒಡ್ಡಿಸಿಕೊಂಡು ಅಕ್ಕಿ, ಕೊಬ್ಬರಿ ಬಟ್ಟಲು, ಎಲೆ ಅಡಿಕೆ ಹಾಕಿ ಉಡಿ ತುಂಬಿದಳು. ಉಡಿ ತುಂಬಿಸಿಕೊಂಡ ಹೆಂಗಸನ್ನು ಒಬ್ಬಳೇ ಕಳಿಸುವ ರೂಢಿ ನಮ್ಮ ಕಡೆ ಎಲ್ಲೂ ಇಲ್ಲ. ಮನೆಯ ಹೆಣ್ಣುಮಗಳು ಒಬ್ಬಳು ಗಂಟು ಹಿಡಿದುಕೊಂಡು ಸೀಮೆಯವರೆಗೆ ಬಂದು ಬಿಟ್ಟುಹೋಗಬೇಕು. ಕಾಶವ್ವ ನಂಬಿಕೊಂಡು ಹೋದದ್ದು ಅದೊಂದನ್ನೇ. "ಸಾವಂತ್ರೀ, ಚಿಗವ್ವನ್ನ ಕಾಲಿವಿತನಕ ಬಿಟ್ಟು ಬಾ" ಅಂದಳು ಭಾಗವ್ವ.

ನಾನು ಮರದ ಹಿಂದಿನಿಂದ ನೋಡುತ್ತಿದ್ದೆ. ಇಬ್ಬರೂ ಸೇತುವೆಗೆ ಬಂದರು. ಕಾಶವ್ವ ಎರಡೂ ಕೈಯಲ್ಲಿ ಉಡಿಯನ್ನು ಹಿಡಿದಿದ್ದಳು. ಚುರುಮುರಿಯ ಗಂಟು ನಿಂಬೆವ್ವನ ತಲೆಯ ಮೇಲಿತ್ತು. ಸೇತುವೆಯ ಮಧ್ಯ ನಿಂಬೆವ್ವ ನಿಂತು ಗಂಟು ಇಳಿಸಲಿಕ್ಕೆ ಹೋದಳು. ಕಾಶವ್ವ ಏನೋ ಹೇಳಿದಳು, ಉಡಿ ತೋರಿಸಿದಳು, ಇನ್ನು ನಾಲ್ಕು ಹೆಜ್ಜೆ ಅನ್ನುವ ಹಾಗೆ ಕತ್ತಿನಿಂದಲೇ ಮುಂದಕ್ಕೆ ಸನ್ನೆ ಮಾಡಿದಳು. ಹುಡುಗಿ ಹಿಂದಕ್ಕೆ ತಿರುಗಿ ಮನೆಯ ಕಡೆ ನೋಡಿದಳು. ಆಮೇಲೆ ಹಿರಿಯರ ಮಾತು ಮೀರಬಾರದು ಅನ್ನುವವಳ ಹಾಗೆ ಹೊರಟಳು. ಸೇತುವೆಯ ಕೊನೆಯ ಕಲ್ಲು ದಾಟಿದಳು.

ಗಂಟು ಧೊಪ್ಪನೆ ಬಿತ್ತು. "ಅವ್ವಾ! ನೀ ಯಾವಾಗ ಬಂದಿ? ಅಪ್ಪ ಎಲ್ಲಿ? ನಂದು ಪರೀಕ್ಷಾ ಚಲೋ ಆತು" ಅಂದಳು ನಿಂಬೆವ್ವ. ಕಾಶವ್ವ ಉಡಿ ಬಿಡದೆ, ಅಕ್ಕಿ ಚೆಲ್ಲದ ಹಾಗೆ, ನಿಂತಲ್ಲೇ ಗದ್ದದಿಂದ ಮಗಳ ತಲೆ ಒತ್ತಿಕೊಂಡಳು. ನಾನು ಓಡಿಹೋಗಿ ಅವಳನ್ನು ಎತ್ತಿಕೊಂಡೆ. ಒಂಬತ್ತು ವರ್ಷದ ಹುಡುಗಿ. ನನ್ನ ತೋಳಿಗೆ ಅವಳ ತೂಕ ನಿನ್ನೆಯದ್ದೇ ಇತ್ತು, ಒಂದು ಗುಲಗಂಜಿಯೂ ಹೆಚ್ಚುಕಡಿಮೆ ಇಲ್ಲ. ಬಸ್ ಬಂತು. ನಾನು ಅವಳನ್ನು ಒಳಗೆ ಹಾಕಿ ಕಿಟಕಿಯ ಹತ್ತಿರ ಕೂರಿಸಿದೆ. ಕಾಶವ್ವ ಮಗ್ಗುಲಲ್ಲಿ ಕೂತಳು. ಗೆದ್ದೆವು ಅಂದುಕೊಂಡೆ. ಇನ್ನು ಈ ಮಗಳನ್ನು ನಮ್ಮೂರ ಸೀಮೆ ದಾಟಿಸುವುದಿಲ್ಲ, ದಂಡೆಯ ಶಾಲೆಯೂ ಬೇಡ, ಜಗತ್ತೂ ಬೇಡ, ಅಂತೆಲ್ಲ ಮನಸ್ಸಿನಲ್ಲೇ ಹೇಳಿಕೊಂಡೆ.

ಅಷ್ಟರಲ್ಲಿ ಕಾಲುವೆಯ ಆಚೆಯಿಂದ ಕೂಗು ಕೇಳಿಸಿತು. "ಸಾವಂತ್ರೀ! ಏ ಸಾವಂತ್ರೀ!"

ಭಾಗವ್ವ. ಮಗಳು ಬರಲಿಕ್ಕೆ ತಡವಾಯಿತು ಅಂತ ಹುಡುಕಿಕೊಂಡು ಬಂದಿದ್ದಳು. ಮೊದಲು ಸುಮ್ಮನೆ ಕರೆದಳು, ಆಟಕ್ಕೆ ಹೋದ ಮಗುವನ್ನು ಊಟಕ್ಕೆ ಕರೆಯುವ ಹಾಗೆ. ಆಮೇಲೆ ಬಸ್ಸಿನ ಕಿಟಕಿಯಲ್ಲಿ ನಿಂಬೆವ್ವನ ಮುಖ ಕಂಡಿತು. ಆಗ ಭಾಗವ್ವನ ಬಾಯಿಂದ ಬಂದ ಸದ್ದು ಮಾತಾಗಿರಲಿಲ್ಲ. ಸೆರಗು ಜಾರಿದ್ದು ಗೊತ್ತಿಲ್ಲದೆ ಸೇತುವೆಯ ಮೇಲೆ ಓಡಿ ಬಂದಳು. ನಿನ್ನೆ ಅವಳ ಬಾಗಿಲಲ್ಲಿ ನಿಂತು ನಾನು ಕೂಗಿದ ಹಾಗೇ ಕೂಗಿದಳು, "ನನ್ನ ಮಗಳರೀ! ನಾ ಹಡದ ಮಗಳರೀ!" ಅಂತ. ಸೀಮೆ ದಾಟಿದ ಮೇಲೆ ನಿಂಬೆವ್ವನಿಗೆ ಎಲ್ಲ ಮರೆತಿತ್ತು. ಭಾಗವ್ವನಿಗೆ ಏನೂ ಮರೆತಿರಲಿಲ್ಲ. ಅದು ಹಾಗಿರುತ್ತದೆ ಅಂತ ನಮಗೆ ಹೊಳೆದೇ ಇರಲಿಲ್ಲ. ನಾವು ನಮ್ಮದನ್ನು ಬಿಡಿಸಿಕೊಂಡು ಬಂದೆವು ಅಂದುಕೊಂಡಿದ್ದೆವು. ಆ ಹೆಂಗಸಿನ ಮಗಳನ್ನು ನಾವು ಕದ್ದಿದ್ದೆವು.

ಬಸ್ ಹೊರಟಿತು. ನಿಂಬೆವ್ವ ಕಿಟಕಿಯ ಸರಳಿಗೆ ಮುಖ ಒತ್ತಿ ನೋಡುತ್ತಿದ್ದಳು.

"ಆಕಿ ಯಾರವ್ವ? ಯಾಕ ಅಳಾಕತ್ತಾಳ?"

ಕಾಶವ್ವನ ಎರಡೂ ಕೈ ಇನ್ನೂ ಉಡಿಯನ್ನೇ ಬಿಗಿಹಿಡಿದಿದ್ದವು. ಬಿಟ್ಟರೆ ಅಕ್ಕಿಯೆಲ್ಲ ಬಸ್ಸಿನ ನೆಲದ ಮೇಲೆ ಬೀಳುತ್ತಿತ್ತು. ಅವಳು, "ನನ್ನ ಉಡಿ ತುಂಬಿದಾಕಿ, ಮಗಾ" ಅಂದಳು.

"ಚಲೋ ಹೆಂಗಸೇನು?"

"ಭಾಳ ಚಲೋ."

ಸೇತುವೆಯ ಮೇಲೆ ಭಾಗವ್ವ ಧೂಳಿನಲ್ಲಿ ಕೂತುಬಿಟ್ಟಿದ್ದಳು. ಯಾರೋ ಇಬ್ಬರು ಅವಳ ರಟ್ಟೆ ಹಿಡಿದು ಎತ್ತುತ್ತಿದ್ದರು. ನನ್ನ ಮಗಳು ಕಿಟಕಿಯಿಂದ ಕೈ ಹೊರಗೆ ಹಾಕಿ, ದಾರಿಯಲ್ಲಿ ಕಂಡ ಯಾರಿಗಾದರೂ ಬೀಸುವ ಹಾಗೆ, ನಗುತ್ತ ಅವಳಿಗೆ ಕೈ ಬೀಸಿದಳು.